ಯಹೂದಿ ಧರ್ಮದ ಒಳಪಂಗಡಗಳು ಮತ್ತು ಸಮುದಾಯಗಳು

ಯಹೂದಿ ಧರ್ಮವು ಏಕದೇವೋಪಾಸನೆಯ ಅತಿ ಹಳೆಯ ಧರ್ಮಗಳಲ್ಲೊಂದು. ಅದನ್ನು ತಮ್ಮದೆನ್ನುವವರು ಇಂದು ಜಗತ್ತಿನಾದ್ಯಂತ ಸುಮಾರು ಒಂದೂವರೆ ಕೋಟಿ. 2011ರ ಜನಗಣತಿಯ ಕರ್ನಾಟಕದ ಜನಸಂಖ್ಯೆಯಲ್ಲಿ ಇದು ಕಾಲುಪಾಲು. ಇಷ್ಟು ಚಿಕ್ಕ ಸಮುದಾಯದೊಳಗೆ ಹತ್ತಾರು ಪಂಗಡಗಳಿವೆ. ಅವುಗಳ ಹೆಸರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಓದುಗರಿಗೆ ಗೊಂದಲವೇ ಗತಿ, ಏಕೆಂದರೆ ಅವೆಲ್ಲ ಒಂದೇ ಬಗೆಯ ವಿಂಗಡಣೆಯಿಂದ ಬಂದವಲ್ಲ. ಯಹೂದಿಗಳು ಮೂರು ಪ್ರಶ್ನೆಗಳ ಮೇಲೆ ಒಡೆದುಕೊಂಡಿದ್ದಾರೆ. ಧರ್ಮಶಾಸ್ತ್ರದ ಅಧಿಕಾರ ಯಾರದು, ಅದು ಎಷ್ಟರಮಟ್ಟಿಗೆ ಕಟ್ಟುವಂಥದು ಎಂಬುದು ಮೊದಲನೆಯದು. ಪೂಜೆ, ಊಟ, ಹಬ್ಬಗಳಲ್ಲಿ ಯಾವ ಸೀಮೆಯ ಪದ್ಧತಿ ಎಂಬುದು ಎರಡನೆಯದು. ಹುಟ್ಟಿನಿಂದ ಅಥವಾ ದೀಕ್ಷೆಯಿಂದ ಯಾರು ಯಹೂದಿ ಎಂಬುದು ಮೂರನೆಯದು. ಒಬ್ಬನೇ ವ್ಯಕ್ತಿ ಈ ಮೂರು ಲೆಕ್ಕದಲ್ಲೂ ಒಂದೊಂದು ಕಡೆ ನಿಂತಿರುತ್ತಾನೆ. ಕನ್ನಡ ನಾಡಿಗೆ ಬಂದ ಯಹೂದಿಗಳ ಕಥೆಯಲ್ಲಿ ಈ ಮೂರೂ ಪ್ರಶ್ನೆಗಳು ಎದುರಾಗುವುದರಿಂದ, ಈ ಲೇಖನ ಮಂಗಳೂರಿನಿಂದಲೇ ಹೊರಡುತ್ತದೆ.

ಮಂಗಳೂರಿನ ಕಾಗದಪತ್ರಗಳು

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಪತ್ರ ಬರೆದುಕೊಟ್ಟ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಇಂದಿನ ಟ್ಯುನೀಶಿಯಾದ ಮಹ್ದಿಯಾ. ಏಡನ್ನಿನ ವರ್ತಕರ ಮುಖ್ಯಸ್ಥ ಮದ್ಮೂನನ ನಂಟಿನಿಂದ ಮಲಬಾರಿಗೆ ಬಂದು, 1149ರವರೆಗೆ ಹೆಚ್ಚುಕಡಿಮೆ ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಅಡಿಕೆ, ಕಬ್ಬಿಣ ಕಳಿಸಿ ಕಾಗದ, ತಾಮ್ರ, ರೇಷ್ಮೆ ತರಿಸಿದ. ಬೊಮ್ಮ ಎಂಬ ತುಳುನಾಡಿನ ಆಳನ್ನು ಏಡನ್ನಿಗೆ ವ್ಯವಹಾರಕ್ಕೆ ಕಳಿಸುತ್ತಿದ್ದ. ಅಲ್ಲಿಂದ ಬರುವ ಪತ್ರಗಳಲ್ಲಿ ಬೊಮ್ಮನ ಕ್ಷೇಮ ಕೇಳಿದೆವೆಂದು ಗೌರವದಿಂದಲೇ ಬರೆದಿರುತ್ತಿತ್ತು. ಆಗ ಮಂಗಳೂರಿನಲ್ಲಿ ಆಳುಪರ ಆಳ್ವಿಕೆ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿ ಹದಿನೈದು ವರ್ಷ ಕಳೆದಿತ್ತು. ಮಗ್ಗೆ, ಆಲೂರು, ಸಕಲೇಶಪುರದ ಗುಡ್ಡಗಳಿಗೆ ಕಾಫಿ ಬರುವುದಕ್ಕೆ ಇನ್ನೂ ಶತಮಾನಗಳಿದ್ದ ಆ ಕಾಲದಲ್ಲಿ ಘಟ್ಟದ ಸೆರಗಿನ ದೊಡ್ಡ ವ್ಯಾಪಾರ ಮೆಣಸಿನದು. ಇಂದು ಮಗ್ಗೆಯ ಕಡೆಯ ತೋಟದವರು ಮೆಣಸಿನ ದರಕ್ಕೆ ದೂರದ ಪೇಟೆಯನ್ನು ಕಾಯುವ ಹಾಗೆಯೇ, ಅಂದು ಏಡನ್ನಿನ ದರವನ್ನು ಮಂಗಳೂರಿನ ಈ ವರ್ತಕ ಪತ್ರದಲ್ಲಿ ಕಾಯುತ್ತಿದ್ದ.

ಈ ಕಾಗದಗಳು ಉಳಿದದ್ದು ಒಂದು ಧಾರ್ಮಿಕ ನಿಯಮದಿಂದ. ದೇವರ ಹೆಸರಿರಬಹುದಾದ ಬರಹವನ್ನು ಯಹೂದಿಗಳು ಎಸೆಯುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಪ್ರಾರ್ಥನಾಮಂದಿರದಲ್ಲಿ ಅಂಥ ಹರಿದ ಕಾಗದಗಳನ್ನು ಹಾಕಲು ಗೆನಿಜಾ ಎಂಬ ಕೋಣೆಯಿತ್ತು. ಭಾರತ ಬಿಟ್ಟು ಹೋದ ಬೆನ್ ಯಿಜುವಿನ ಕಾಗದಗಳೂ ಕೊನೆಗೆ ಅಲ್ಲಿಗೆ ಸೇರಿದವು. 1896–97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ಕೋಣೆಯ ಬಹುಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಎಸ್. ಡಿ. ಗೊಯಿಟೀನ್ ಅರಬ್ಬಿ ಭಾಷೆ, ಹೀಬ್ರೂ ಲಿಪಿಯ ಈ ಪತ್ರಗಳನ್ನು ಓದಿ ಅರ್ಥ ಹೇಳಿದರು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಕೃತಿ ಬೊಮ್ಮನ ಜಾಡು ಹಿಡಿದು ಮಂಗಳೂರಿಗೇ ಬಂತು. ಇದೇ ಶೆಕ್ಟರ್ ಮುಂದೆ ಯಹೂದಿ ಧರ್ಮದ ಒಂದು ದೊಡ್ಡ ಶಾಖೆಯ ನಾಯಕರಾದರು. ಆ ವಿಷಯ ಕೆಳಗೆ ಬರುತ್ತದೆ.

ಆಶುವಿನ ಬಿಡುಗಡೆಪತ್ರಕ್ಕೆ ಪಂಗಡಗಳ ಚರಿತ್ರೆಯಲ್ಲಿ ಬೆಲೆಯಿದೆ. ಯಹೂದಿ ಶಾಸ್ತ್ರದ ಪ್ರಕಾರ ಹೀಗೆ ವಿಧಿವತ್ತಾಗಿ ಬಿಡುಗಡೆಯಾದ ದಾಸಿ ಪೂರ್ಣ ಯಹೂದಿಯಾಗುತ್ತಾಳೆ. ಆಶುವಿಗೆ ಬೆರಾಖಾ ಎಂಬ ಹೀಬ್ರೂ ಹೆಸರಾಯಿತು. ಮಂಗಳೂರಿನ ಒಂದು ಮನೆಯೊಳಗೆ, ಯಾರು ಯಹೂದಿ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಸಿಕ್ಕಿತು. ಕೆಲವು ಶತಮಾನಗಳ ನಂತರ ಕೊಚ್ಚಿಯಲ್ಲಿ ಅದೇ ಉತ್ತರವನ್ನು ಒಪ್ಪಲು ನಿರಾಕರಿಸಿದವರು ಇದ್ದರು.

ಪ್ರಾಚೀನ ಪಂಗಡಗಳು: ಬರೆದ ಶಾಸ್ತ್ರ, ಬಾಯಿಪಾಠದ ಶಾಸ್ತ್ರ

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡುವ ಮುನ್ನ ಮುಖ್ಯವಾಗಿ ಮೂರು ಪಂಗಡಗಳಿದ್ದವೆಂದು ಅದೇ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಸದ್ದೂಕಾಯರು ಅರ್ಚಕ ಮನೆತನಗಳಿಗೆ ಹತ್ತಿರದವರು. ತೋರಾ ಎಂಬ ಮೋಶೆಯ ಐದು ಪುಸ್ತಕಗಳ ಅಕ್ಷರಕ್ಕಷ್ಟೇ ಕಟ್ಟುಬಿದ್ದವರು. ಫರಿಸಾಯರು ಅದರ ಜೊತೆಗೆ ಗುರುಶಿಷ್ಯ ಪರಂಪರೆಯಲ್ಲಿ ಬಂದ ಬಾಯಿಪಾಠದ ಶಾಸ್ತ್ರವನ್ನೂ ಮೋಶೆಯದೇ ಎಂದು ನಂಬಿದವರು. ಎಸ್ಸೀನರು ಕಟ್ಟುನಿಟ್ಟಿನ ವ್ರತಜೀವನ ನಡೆಸಿದವರು; 1947ರಲ್ಲಿ ಕುಮ್ರಾನಿನ ಗುಹೆಗಳಲ್ಲಿ ಸಿಗತೊಡಗಿದ ಮೃತಸಮುದ್ರದ ಸುರುಳಿಗಳು ಇವರವೇ ಎಂಬುದು ಬಹುಪಾಲು ವಿದ್ವಾಂಸರ ಮತ.

ದೇವಾಲಯ ಬಿದ್ದ ಮೇಲೆ ಅರ್ಚಕರ ನೆಲೆ ಕುಸಿಯಿತು. ಉಳಿದದ್ದು ಫರಿಸಾಯರ ದಾರಿ. ಅವರ ಮುಂದುವರಿಕೆಯಾದ ರಬ್ಬಿಗಳೆಂಬ ಧರ್ಮಗುರುಗಳು ಬಾಯಿಪಾಠದ ಶಾಸ್ತ್ರವನ್ನು ಸುಮಾರು 200ರಲ್ಲಿ ಮಿಶ್ನಾ ಎಂದೂ, ಅದರ ಮೇಲಿನ ಚರ್ಚೆಗಳನ್ನು ಮುಂದಿನ ಶತಮಾನಗಳಲ್ಲಿ ಪ್ಯಾಲೆಸ್ಟೈನ್ ಮತ್ತು ಬ್ಯಾಬಿಲೋನಿಯಾದ ಎರಡು ತಾಲ್ಮುದ್‌ಗಳೆಂದೂ ಸಂಗ್ರಹಿಸಿದರು. ಇಂದಿನ ಬಹುತೇಕ ಎಲ್ಲ ಪಂಗಡಗಳೂ ಈ ರಬ್ಬಿ ಪರಂಪರೆಯ ಕೊಂಬೆಗಳೇ.

ಅದರ ಹೊರಗೆ ಉಳಿದವರಲ್ಲಿ ಸಮಾರ್ಯರು ಮೊದಲಿಗರು. ಅವರಿಗೆ ಪವಿತ್ರ ಸ್ಥಳ ಜೆರುಸಲೇಮ್ ಅಲ್ಲ, ನಾಬ್ಲುಸ್ ಬಳಿಯ ಗೆರಿಜಿಮ್ ಬೆಟ್ಟ. ತೋರಾ ಒಂದೇ ಶಾಸ್ತ್ರ. ಪಸ್ಕ ಹಬ್ಬದಂದು ಇಂದಿಗೂ ಕುರಿ ಬಲಿ ಕೊಡುವ ಇವರು ಈಗ ಸುಮಾರು ಎಂಟುನೂರು ಜನ ಮಾತ್ರ. ತಾವು ಯಹೂದಿಗಳಲ್ಲ, ಪ್ರಾಚೀನ ಇಸ್ರಾಯೇಲ್ಯರ ಇನ್ನೊಂದು ಕವಲು ಎಂಬುದು ಅವರ ನಿಲುವು.

ಎರಡನೆಯವರು ಕರಾಯಿಗಳು. ಎಂಟನೆಯ ಶತಮಾನದಲ್ಲಿ ಇರಾಕಿನ ಅನಾನ್ ಬೆನ್ ದಾವಿದ್‌ನ ಸುತ್ತ ಬೆಳೆದ ಚಳವಳಿಯಿಂದ ಈ ಪಂಗಡ ರೂಪುಗೊಂಡಿತು. ಇವರು ತಾಲ್ಮುದನ್ನು ಒಪ್ಪುವುದಿಲ್ಲ. ಬಾನಿನಲ್ಲಿ ಚಂದ್ರನನ್ನು ಕಣ್ಣಾರೆ ಕಂಡು ತಿಂಗಳು ಎಣಿಸುತ್ತಾರೆ. ರಬ್ಬಿ ಪಂಥದವರದು ಗಣಿತದ ಪಂಚಾಂಗ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಮನೆಯಲ್ಲಿ ಬೆಂಕಿ ಉರಿಯಕೂಡದೆಂಬ ವಾಕ್ಯವನ್ನು ಹಳೆಯ ಕರಾಯಿಗಳು ಹಾಗೆಯೇ ಹಿಡಿದು ಶುಕ್ರವಾರ ರಾತ್ರಿ ಕತ್ತಲಲ್ಲಿ ಕೂರುತ್ತಿದ್ದರು. ರಬ್ಬಿ ಪಂಥದವರು ಮುಂಚೆಯೇ ಹಚ್ಚಿಟ್ಟ ದೀಪ ಉರಿಯಲಿ ಎನ್ನುತ್ತಾರೆ. ಬೆನ್ ಯಿಜುವಿನ ಕಾಲದ ಹಳೆಯ ಕೈರೋದಲ್ಲಿ ಈ ಎರಡೂ ಪಂಗಡಗಳು ಅಕ್ಕಪಕ್ಕ ಬಾಳಿದವು, ಹೆಣ್ಣು ಕೊಟ್ಟು ತಂದವು. ಗೆನಿಜಾದಲ್ಲಿ ಸಿಕ್ಕ ಮದುವೆಯ ಕರಾರುಗಳಲ್ಲಿ, ಸಬ್ಬತ್ ದೀಪದ ಎದುರು ಕೂರುವಂತೆ ಹೆಂಡತಿಯನ್ನು ಗಂಡ ಒತ್ತಾಯಿಸಬಾರದು, ಗಂಡನ ಹಬ್ಬದ ದಿನಗಳನ್ನು ಹೆಂಡತಿ ಅವಮಾನಿಸಬಾರದು ಎಂಬಂಥ ಷರತ್ತುಗಳಿವೆ. ಪಂಗಡಭೇದವೆಂದರೆ ಜಗಳವೇ ಎಂದು ಭಾವಿಸುವವರು ಈ ಕರಾರುಗಳನ್ನು ನೋಡಬೇಕು. ಇಂದು ಕರಾಯಿಗಳು ಹೆಚ್ಚಾಗಿ ಇಸ್ರೇಲಿನಲ್ಲಿದ್ದಾರೆ. ಕ್ರಿಮಿಯಾ, ಲಿಥುವೇನಿಯಾಗಳಲ್ಲಿ ತುರ್ಕಿ ಬಗೆಯ ಭಾಷೆಯಾಡುತ್ತಿದ್ದ ಅವರದೇ ಒಂದು ಶಾಖೆಯಿದೆ.

ಸೀಮೆಯ ಪದ್ಧತಿಗಳು

ರಬ್ಬಿ ಪರಂಪರೆಯೊಳಗಿನ ಹಳೆಯ ವಿಂಗಡಣೆ ನಂಬಿಕೆಯದಲ್ಲ, ನೆಲದ್ದು. ರೈನ್ ನದಿಯ ದಂಡೆಯಿಂದ ಪೋಲೆಂಡ್, ರಷ್ಯಾಗಳಿಗೆ ಹರಡಿದವರು ಅಶ್ಕೆನಾಜಿಗಳು, ಮನೆಮಾತು ಯಿಡ್ಡಿಶ್. ಸ್ಪೇನ್, ಪೋರ್ಚುಗಲ್‌ಗಳವರು ಸೆಫಾರ್ದಿಗಳು. 1492ರಲ್ಲಿ ಸ್ಪೇನ್ ಹೊರಹಾಕಿದ ಮೇಲೆ ಇಸ್ತಾಂಬುಲ್, ಸಲೋನಿಕಾ, ಮೊರಾಕ್ಕೊ, ಆಮ್‌ಸ್ಟರ್‌ಡ್ಯಾಮ್‌ಗಳಿಗೆ ಚದುರಿದರು. ಹಳೆಯ ಸ್ಪ್ಯಾನಿಶನ್ನು ಲದೀನೊ ಎಂದು ಉಳಿಸಿಕೊಂಡರು. ಇರಾಕ್, ಇರಾನ್, ಯೆಮೆನ್, ಕುರ್ದಿಸ್ತಾನದವರನ್ನು ಇತ್ತೀಚಿನ ಬಳಕೆಯಲ್ಲಿ ಒಟ್ಟಾಗಿ ಮಿಜ್ರಾಹಿ ಎನ್ನುತ್ತಾರೆ. ಅವರಲ್ಲಿ ಯೆಮೆನಿನವರ ಹೀಬ್ರೂ ಉಚ್ಚಾರಣೆಯೂ ರಾಗಗಳೂ ಬೇರೆಯೇ. ರೋಮಿನ ಯಹೂದಿಗಳು ಈ ಯಾವ ಗುಂಪಿಗೂ ಸೇರದ ಹಳಬರು.

ಹದಿನಾರನೆಯ ಶತಮಾನದಲ್ಲಿ ಸಫೇದ್ ಪಟ್ಟಣದ ಯೋಸೆಫ್ ಕಾರೊ ‘ಶುಲ್ಹಾನ್ ಅರೂಖ್’ ಎಂಬ ಧರ್ಮಸಂಹಿತೆ ಬರೆದಾಗ ಸೆಫಾರ್ದಿ ಪದ್ಧತಿಯನ್ನೇ ಹಿಡಿದಿದ್ದ. ಪೋಲೆಂಡಿನ ಕ್ರಾಕೊವ್‌ನ ಮೋಶೆ ಇಸ್ಸೆರ್ಲೆಸ್ ಅದಕ್ಕೆ ಅಶ್ಕೆನಾಜಿ ಪದ್ಧತಿಯ ಟಿಪ್ಪಣಿ ಸೇರಿಸಿದ. ಒಂದೇ ಗ್ರಂಥದಲ್ಲಿ ಮೂಲವೂ ಭಿನ್ನಮತವೂ ಒಟ್ಟಿಗೆ ಅಚ್ಚಾಗುತ್ತ ಬಂದವು. ಎರಡು ಸಮುದಾಯಗಳೂ ಅದನ್ನೇ ಓದಿ ತಮ್ಮತಮ್ಮ ಸಾಲನ್ನು ಪಾಲಿಸುತ್ತವೆ. ವ್ಯತ್ಯಾಸ ಎಲ್ಲಿ ಕಾಣುತ್ತದೆಂದರೆ ಅನ್ನದ ತಟ್ಟೆಯಲ್ಲಿ: ಪಸ್ಕದ ದಿನಗಳಲ್ಲಿ ಅಶ್ಕೆನಾಜಿಗಳು ಅಕ್ಕಿಯನ್ನೂ ಬೇಳೆಕಾಳುಗಳನ್ನೂ ಮುಟ್ಟುವುದಿಲ್ಲ, ಸೆಫಾರ್ದಿಗಳಲ್ಲೂ ಮಿಜ್ರಾಹಿಗಳಲ್ಲೂ ಬಹಳ ಮಂದಿ ಉಣ್ಣುತ್ತಾರೆ. ಅಕ್ಕಿಯ ನಾಡಾದ ಭಾರತದ ಯಹೂದಿಗಳೂ ಉಣ್ಣುವವರೇ.

ಇಥಿಯೋಪಿಯಾದ ಬೇತಾ ಇಸ್ರಾಯೇಲ್ ಸಮುದಾಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ತಾಲ್ಮುದ್ ಅವರನ್ನು ತಲುಪಿರಲಿಲ್ಲ. ಗೀಜ್ ಭಾಷೆಯ ಧರ್ಮಗ್ರಂಥ, ಕೆಸ್ ಎಂಬ ಅರ್ಚಕರು, ಸಿಗ್ದ್ ಎಂಬ ತಮ್ಮದೇ ಹಬ್ಬ ಇವೇ ಅವರ ಬಂಡವಾಳ. 1984ರಲ್ಲಿ ಮತ್ತು 1991ರಲ್ಲಿ ವಿಮಾನಗಳಲ್ಲಿ ಇಸ್ರೇಲಿಗೆ ಕರೆತಂದಾಗ ಅವರ ಯಹೂದಿತನವನ್ನೇ ಕೆಲವು ರಬ್ಬಿಗಳು ಪ್ರಶ್ನಿಸಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಅದೇ ಪ್ರಶ್ನೆಯನ್ನು ಕೊಂಕಣದಿಂದ ಹೋದವರು ಎದುರಿಸಿದ್ದರು.

ಭಾರತದ ಸಮುದಾಯಗಳು

ಭಾರತದಲ್ಲಿ ಒಂದಲ್ಲ, ಮೂರು ಹಳೆಯ ಯಹೂದಿ ಸಮುದಾಯಗಳಿವೆ. ಬಂದ ಕಾಲ, ಆಡುವ ಮಾತು, ಮಾಡುವ ಉದ್ಯೋಗ ಮೂರರಲ್ಲೂ ಬೇರೆ. ಜಾಗತಿಕ ಗ್ರಂಥಗಳು ಇವರಿಗೆ ಅಡಿಟಿಪ್ಪಣಿಯ ಜಾಗವನ್ನಷ್ಟೇ ಕೊಡುವುದು ಸರಿಯಲ್ಲ. ದೇವಾಲಯವಿಲ್ಲದೆ, ಹೆಚ್ಚಿನ ಗ್ರಂಥಗಳಿಲ್ಲದೆ, ಕಿರುಕುಳವೂ ಇಲ್ಲದೆ ಯಹೂದಿ ಬಾಳು ಹೇಗೆ ಉಳಿಯಬಲ್ಲದು ಎಂಬುದಕ್ಕೆ ಇವರಷ್ಟು ಒಳ್ಳೆಯ ನಿದರ್ಶನ ಬೇರೆಲ್ಲೂ ಸಿಗದು.

ಇವರಲ್ಲಿ ದೊಡ್ಡವರು ಕೊಂಕಣದ ಬೆನೆ ಇಸ್ರಾಯೇಲರು. ಅಲಿಬಾಗಿನ ಬಳಿ ನವಗಾಂವ್ ಕರಾವಳಿಯಲ್ಲಿ ಹಡಗೊಡೆದು ಬದುಕುಳಿದ ಏಳು ಜೋಡಿಗಳ ಸಂತತಿ ತಾವೆಂಬುದು ಅವರ ಪರಂಪರೆಯ ನಂಬಿಕೆ. ಗಾಣದ ಕಸುಬು ಹಿಡಿದು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಇವರನ್ನು ಶನಿವಾರದ ತೇಲಿಗಳೆಂದು ಕರೆದರು. ಮರಾಠಿ ಮನೆಮಾತಾಯಿತು, ನೆಲೆಸಿದ ಹಳ್ಳಿಯ ಹೆಸರಿಗೆ ‘ಕರ್’ ಸೇರಿ ದಿವೇಕರ್, ಕೆಹಿಮ್ಕರ್, ಪೆಣಕರ್ ಎಂಬ ಮನೆತನಗಳಾದವು. ಹೀಬ್ರೂ ಮರೆತುಹೋಗಿತ್ತು. ಆದರೂ ಮಗುವಿಗೆ ಎಂಟನೆಯ ದಿನದ ಸುನ್ನತಿ, ಸಬ್ಬತ್ತಿನ ವಿಶ್ರಾಂತಿ, ದೇವರು ಒಬ್ಬನೇ ಎಂದು ಸಾರುವ ಶೆಮಾ ಪ್ರಾರ್ಥನೆ ಉಳಿದಿದ್ದವು. ದಾವಿದ್ ರಹಾಬಿ ಎಂಬ ಹೊರಗಿನ ಯಹೂದಿ ಇವರನ್ನು ಪರೀಕ್ಷಿಸಲು ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟನಂತೆ. ಅವರು ತೋರಾ ಹೇಳಿದಂತೆ ಈಜುರೆಕ್ಕೆಯೂ ಪೊರೆಯೂ ಇರುವ ಮೀನನ್ನಷ್ಟೇ ಆರಿಸಿಕೊಂಡರಂತೆ. ಇವರಲ್ಲದೆ ಬೇರಾರಲ್ಲೂ ಕಾಣದ ವಿಧಿ ಮಲಿದಾ. ಹರಕೆ, ಮದುವೆ, ಹೊಸ ಮನೆಯ ಸಂದರ್ಭಗಳಲ್ಲಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ತಟ್ಟೆ ತುಂಬ ಅವಲಕ್ಕಿ, ತೆಂಗಿನಕಾಯಿ ತುರಿ, ಸಿಹಿ, ಹಣ್ಣುಗಳನ್ನು ಇಟ್ಟು ಹೀಬ್ರೂ ಆಶೀರ್ವಚನ ಹೇಳುತ್ತಾರೆ. ಶಾಸ್ತ್ರ ಜೆರುಸಲೇಮಿನದು, ಅವಲಕ್ಕಿ ಕೊಂಕಣದ್ದು. ಎರಡೂ ಒಂದೇ ತಟ್ಟೆಯಲ್ಲಿ ಸಹಜವಾಗಿ ಕೂತಿವೆ.

ಮುಂಬಯಿಯ ಮೊದಲ ಸಿನಗಾಗಿನ ಹಿಂದೆ ಮೈಸೂರಿನ ಸೆರೆವಾಸವಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ದೇಶೀ ಅಧಿಕಾರಿಯಾಗಿದ್ದ ಸ್ಯಾಮುವೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕರು. ನಿನ್ನ ಜನ ಯಾರೆಂದು ಕೇಳಿದಾಗ ಬೆನೆ ಇಸ್ರಾಯೇಲ್ ಎಂದರು. ಆ ಹೆಸರು ಕುರಾನಿನಲ್ಲಿ ಇರುವುದನ್ನು ಬಲ್ಲ ಟಿಪ್ಪುವಿನ ತಾಯಿ ಜೀವ ಉಳಿಸಲು ಹೇಳಿದರು ಎಂಬ ಕಥೆಯನ್ನು ಸಮುದಾಯ ಇಂದಿಗೂ ಹೇಳಿಕೊಳ್ಳುತ್ತದೆ. ಬಿಡುಗಡೆಯಾಗಿ ಮರಳಿದ ದಿವೇಕರ್ 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಸಿನಗಾಗ್ ಕಟ್ಟಿಸಿದರು. ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು.

ಎರಡನೆಯವರು ಕೊಚ್ಚಿಯವರು. ಸುಮಾರು ಕ್ರಿ.ಶ. 1000ದಲ್ಲಿ ಚೇರ ಅರಸು ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟ. ಹಗಲುದೀಪ, ಕೊಡೆ, ನಗಾರಿ, ಕಹಳೆ ಸೇರಿದ 72 ಹಕ್ಕುಗಳು ಅದರಲ್ಲಿವೆ. ಈ ಹಳಬರು ಮಲಬಾರಿ ಯಹೂದಿಗಳು. ಐಬೀರಿಯಾದಿಂದಲೂ ಪಶ್ಚಿಮ ಏಷ್ಯಾದಿಂದಲೂ ಹದಿನಾರನೆಯ ಶತಮಾನದಲ್ಲಿ ಬಂದವರು ಪರದೇಸಿಗಳು; ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪ್ರಸಿದ್ಧ ಸಿನಗಾಗ್ ಇವರದು. ಪ್ರವಾಸಿ ಪುಸ್ತಕಗಳು ಇವರನ್ನು ಬಿಳಿ ಯಹೂದಿ, ಮಲಬಾರಿಗಳನ್ನು ಕರಿ ಯಹೂದಿ ಎಂದು ಕರೆದವು. ಪ್ರಾರ್ಥನೆ, ಶಾಸ್ತ್ರ, ಹಬ್ಬಗಳಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಹೆಣ್ಣುಗಂಡು ಕೊಟ್ಟುತರುವುದು ಮಾತ್ರ ಇರಲಿಲ್ಲ. ಇವರಿಬ್ಬರ ಕೆಳಗೆ ಮೆಶುಹ್ರಾರಿಮ್ ಎಂಬ ಮೂರನೆಯ ಗುಂಪು, ಅಂದರೆ ಬಿಡುಗಡೆಯಾದ ದಾಸರು ಮತ್ತು ಅವರ ಮಕ್ಕಳು. ಮಂಗಳೂರಿನ ಆಶುವಿಗೆ ಸಿಕ್ಕಿದ್ದ ಪೂರ್ಣ ಹಕ್ಕು ಇವರಿಗೆ ಪರದೇಸಿ ಸಿನಗಾಗಿನಲ್ಲಿ ಇರಲಿಲ್ಲ. ತೋರಾ ಓದಲು ಕರೆಯುತ್ತಿರಲಿಲ್ಲ. ಬೆಂಚಿನ ಮೇಲೆ ಕೂರಲು ಬಿಡುತ್ತಿರಲಿಲ್ಲ. ಶಾಸ್ತ್ರ ಒಪ್ಪಿದವರನ್ನು ಊರಿನ ಜಾತಿಕಟ್ಟಳೆ ಹೊರಗಿಟ್ಟಿತು. ಈ ಗುಂಪಿನಲ್ಲೇ ಹುಟ್ಟಿದ ವಕೀಲ ಅಬ್ರಹಾಂ ಬರಾಕ್ ಸಾಲೆಂ (1882–1967) ಗಾಂಧೀಜಿಯ ದಾರಿ ಹಿಡಿದು ಸಿನಗಾಗಿನ ಒಳಗೆ ಸತ್ಯಾಗ್ರಹ ನಡೆಸಿದರು. ಅಡ್ಡಿಗಳು ಒಂದೊಂದಾಗಿ ಸಡಿಲಿದವು. ಯಹೂದಿ ಗಾಂಧಿ ಎಂದು ಅವರನ್ನು ಕರೆಯುತ್ತಿದ್ದುದು ಸಲ್ಲತಕ್ಕ ಗೌರವ. 1950ರ ದಶಕದಲ್ಲಿ ಮಲಬಾರಿಗಳು ಊರೂರೇ ಎದ್ದು ಇಸ್ರೇಲಿಗೆ ಹೋದರು. ನೆಗೆವ್ ಮರುಭೂಮಿಯ ನೆವಾತಿಮ್ ಅವರು ಬೆಳೆಸಿದ ಹಳ್ಳಿ.

ಬೆನೆ ಇಸ್ರಾಯೇಲರಲ್ಲೂ ಗೋರಾ, ಕಾಳಾ ಎಂಬ ಒಳಭೇದವಿತ್ತು. ತಾಯಿ ಹೊರಗಿನ ಜಾತಿಯವಳಾದರೆ ಮಕ್ಕಳು ಕಾಳಾ. ದೇವರ ಮುಂದೆ ಎಲ್ಲರೂ ಸಮಾನರು ಎನ್ನುವ ಧರ್ಮಗಳು ನಮ್ಮ ನೆಲದಲ್ಲಿ ಬೇರುಬಿಡುವಾಗ ಪಡೆಯುವ ಈ ಕಲೆಯಿಂದ ಯಹೂದಿ ಧರ್ಮವೂ ತಪ್ಪಿಸಿಕೊಳ್ಳಲಿಲ್ಲ.

ಮೂರನೆಯವರು ಬಾಗ್ದಾದಿಗಳು: ಹದಿನೆಂಟನೆಯ ಶತಮಾನದ ಕೊನೆಯಿಂದ ಇರಾಕ್, ಸಿರಿಯಾಗಳಿಂದ ವ್ಯಾಪಾರಕ್ಕೆ ಬಂದ ಅರಬ್ಬಿ ಮಾತಿನವರು. ಕೋಲ್ಕತ್ತದಲ್ಲಿ 1798ರಲ್ಲಿ ಬಂದಿಳಿದ ಶಾಲೋಮ್ ಕೊಹೆನ್, ಮುಂಬಯಿಯಲ್ಲಿ 1830ರ ದಶಕದಲ್ಲಿ ನೆಲೆನಿಂತ ಡೇವಿಡ್ ಸಸೂನ್ ಇವರ ಹಿರಿಯರು. ಸಸೂನ್ ಮನೆತನ ಗಿರಣಿ, ಗ್ರಂಥಾಲಯ, ಆಸ್ಪತ್ರೆ, ಸಿನಗಾಗುಗಳನ್ನು ಮುಂಬಯಿಗೂ ಪುಣೆಗೂ ಕೊಟ್ಟಿತು. ಅದೇ ಮನೆತನದ ಮುಂದಾಳುತನದಲ್ಲಿ 1836ರಲ್ಲಿ ಬಾಗ್ದಾದಿಗಳು, ಮುಂಬಯಿಯ ಸ್ಮಶಾನದಲ್ಲಿ ತಮ್ಮ ಗೋರಿಗಳಿಗೂ ಬೆನೆ ಇಸ್ರಾಯೇಲರ ಗೋರಿಗಳಿಗೂ ನಡುವೆ ಗೋಡೆ ಕಟ್ಟಿಸಿಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಬೆನೆ ಇಸ್ರಾಯೇಲರ ವಂಶಶುದ್ಧಿಯ ಮೇಲಿನ ಸಂಶಯ ಅದರ ಹಿಂದಿತ್ತು.

ಆ ಸಂಶಯ ಇಸ್ರೇಲಿಗೂ ಹಿಂಬಾಲಿಸಿತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ರಬ್ಬಿ ಪೀಠ, ಬೆನೆ ಇಸ್ರಾಯೇಲರ ಮದುವೆಗೆ ಮುನ್ನ ಅವರ ಪೂರ್ವಜರ ವಿಚಾರಣೆ ನಡೆಸಬೇಕೆಂದು ಸೂಚಿಸಿತು. ಯಾವ ಯುರೋಪಿನವರಿಗೂ ಇಲ್ಲದ ಪರೀಕ್ಷೆ ಇದು. ಬೆನೆ ಇಸ್ರಾಯೇಲರು ಜೆರುಸಲೇಮಿನ ಬೀದಿಯಲ್ಲಿ ಧರಣಿ ಕೂತರು. 1964ರಲ್ಲಿ ಇಸ್ರೇಲಿನ ಸಂಸತ್ತು ಕ್ನೆಸೆತ್ ಅವರು ಎಲ್ಲ ವಿಧದಲ್ಲೂ ಪೂರ್ಣ ಯಹೂದಿಗಳೆಂದು ಘೋಷಿಸಬೇಕಾಯಿತು.

ಇತ್ತೀಚೆಗೆ ಎರಡು ಗುಂಪುಗಳು ಸೇರಿವೆ. ಮಿಜೋರಾಂ, ಮಣಿಪುರಗಳ ಬ್ನೇ ಮೆನಾಶೆಗಳು ತಾವು ಇಸ್ರಾಯೇಲಿನ ಕಳೆದುಹೋದ ಮನಸ್ಸೆ ಕುಲದವರೆನ್ನುತ್ತಾರೆ. 2005ರಲ್ಲಿ ಸೆಫಾರ್ದಿ ಮುಖ್ಯ ರಬ್ಬಿ ಇದನ್ನು ಮಾನ್ಯಮಾಡಿದ ಮೇಲೆ, ದೀಕ್ಷೆ ಪಡೆದು ಇಸ್ರೇಲಿಗೆ ವಲಸೆ ಹೋಗುತ್ತಿದ್ದಾರೆ. ಆಂಧ್ರದ ಗುಂಟೂರು ಸೀಮೆಯ ತೆಲುಗು ಮಾತಿನ ಬೆನೆ ಎಫ್ರಾಯೀಮರು ಮಾದಿಗ ಹಿನ್ನೆಲೆಯವರು. ಅವರಿಗೆ ಅಂಥ ಮಾನ್ಯತೆ ದೊರೆತಿಲ್ಲ.

ಹಸಿದಿಮರು ಮತ್ತು ಎದುರಾಳಿಗಳು

ಹದಿನೆಂಟನೆಯ ಶತಮಾನದ ಪೂರ್ವ ಯುರೋಪಿನಲ್ಲಿ ತಾಲ್ಮುದ್ ಪಾಂಡಿತ್ಯವೇ ಧರ್ಮದ ಶಿಖರವಾಗಿತ್ತು. ಓದಲಾರದ ಬಡವನಿಗೆ ದೇವರು ದೂರ. ಆಗ ಬಾಲ್ ಶೆಮ್ ತೋವ್ (ನಿಧನ 1760) ಎಂದು ಹೆಸರಾದ ಇಸ್ರಾಯೇಲ್ ಬೆನ್ ಎಲಿಯೆಜೆರ್, ಹಾಡು ಕುಣಿತಗಳ ಸಂತೋಷದಿಂದಲೂ ಮನಸಾರೆ ಮಾಡುವ ಪ್ರಾರ್ಥನೆಯಿಂದಲೂ ಯಾರು ಬೇಕಾದರೂ ದೇವರನ್ನು ಸೇರಬಹುದೆಂದು ಬೋಧಿಸಿದ. ವಚನಕಾರರನ್ನೂ ದಾಸರನ್ನೂ ಕೇಳಿ ಬೆಳೆದ ಕನ್ನಡಿಗರಿಗೆ ಈ ಮಾತು ಅಪರಿಚಿತವಲ್ಲ. ಅವನ ಅನುಯಾಯಿಗಳು ಹಸಿದಿಮರು. ವಿಲ್ನಾದ ಮಹಾಪಂಡಿತ ಎಲಿಯಾಹು (1720–1797) ಇವರನ್ನು ಕಟುವಾಗಿ ವಿರೋಧಿಸಿದ. 1772ರಲ್ಲಿ ಬಹಿಷ್ಕಾರವೂ ಬಿತ್ತು. ವಿರೋಧಿಸಿದವರು ಮಿತ್‌ನಗ್ದಿಮರು. ಅವರ ಪಾಠಶಾಲೆಗಳ ಪರಂಪರೆ ಇಂದಿಗೂ ಬೇರೆಯಾಗಿಯೇ ನಡೆದಿದೆ.

ಹಸಿದಿಮರು ರೆಬ್ಬೆ ಎಂಬ ಗುರುವಿನ ಸುತ್ತ ಕೂಡಿಕೊಂಡರು. ರೆಬ್ಬೆಯ ಪೀಠ ಸಾಮಾನ್ಯವಾಗಿ ವಂಶದಲ್ಲಿ ಇಳಿಯುತ್ತದೆ. ಪೀಠಗಳಿಗೆ ಹುಟ್ಟಿದೂರಿನ ಹೆಸರು: ಲುಬಾವಿಚ್, ಸತ್ಮಾರ್, ಗೆರ್, ಬೆಲ್ಜ್, ಬ್ರೆಸ್ಲೊವ್. ಪೇಜಾವರ, ಪಲಿಮಾರು, ಸೋದೆ ಎಂದು ಊರ ಹೆಸರಲ್ಲೇ ಮಠಗಳನ್ನು ಗುರುತಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ. ನಾಜಿ ನರಮೇಧದಲ್ಲಿ ಆ ಊರುಗಳ ಯಹೂದಿ ಬಾಳು ಬಹುಪಾಲು ಅಳಿಯಿತು. ಹೆಸರು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲೂ ಜೆರುಸಲೇಮಿನಲ್ಲೂ ಬದುಕಿದೆ. ಇವರಲ್ಲಿ ಸತ್ಮಾರ್ ಪಂಥ ಮೆಸ್ಸಾಯ ಎಂಬ ಬರಲಿರುವ ಉದ್ಧಾರಕನಿಗಿಂತ ಮೊದಲೇ ಕಟ್ಟಿದ ಇಸ್ರೇಲ್ ರಾಷ್ಟ್ರವನ್ನು ಧಾರ್ಮಿಕ ಕಾರಣಕ್ಕೆ ಒಪ್ಪುವುದಿಲ್ಲ. ಹಬಾದ್–ಲುಬಾವಿಚ್ ಪಂಥ ಲೋಕದ ಎಲ್ಲ ಕಡೆ ಯಹೂದಿಗಳನ್ನು ಹುಡುಕಿಕೊಂಡು ಹೋಗಿ ಧರ್ಮಕೇಂದ್ರ ತೆರೆಯುತ್ತದೆ. ಅದರ ಏಳನೆಯ ರೆಬ್ಬೆ ಮೆನಾಹೆಮ್ ಮೆಂಡೆಲ್ ಶ್ನೀರ್ಸನ್ 1994ರಲ್ಲಿ ತೀರಿಕೊಂಡ ಮೇಲೆ ಉತ್ತರಾಧಿಕಾರಿಯನ್ನು ನೇಮಿಸಿಲ್ಲ. 2008ರ ನವೆಂಬರ್ 26ರ ದಾಳಿಯಲ್ಲಿ ಉಗ್ರರು ನುಗ್ಗಿದ ಮುಂಬಯಿಯ ನಾರಿಮನ್ ಹೌಸ್ ಹಬಾದ್ ಕೇಂದ್ರವೇ. ಅದನ್ನು ನಡೆಸುತ್ತಿದ್ದ ರಬ್ಬಿ ದಂಪತಿ ಅಲ್ಲಿ ಕೊಲೆಯಾದರು.

ಆಧುನಿಕ ಶಾಖೆಗಳು

ಫ್ರೆಂಚ್ ಕ್ರಾಂತಿಯ ನಂತರ ಯುರೋಪು ಯಹೂದಿಗಳಿಗೆ ಪೌರತ್ವದ ಬಾಗಿಲು ತೆರೆದಾಗ ಶಾಸ್ತ್ರದ ಅಧಿಕಾರದ ಪ್ರಶ್ನೆ ಹೊಸದಾಗಿ ಎದ್ದಿತು. ಜರ್ಮನಿಯಲ್ಲಿ 1810ರಲ್ಲಿ ಸೀಸನ್, 1818ರಲ್ಲಿ ಹ್ಯಾಂಬರ್ಗ್ ಸಿನಗಾಗುಗಳು ಆರ್ಗನ್ ವಾದ್ಯ, ಜರ್ಮನ್ ಪ್ರವಚನಗಳನ್ನು ತಂದವು. ಇದೇ ಸುಧಾರಣಾ ಶಾಖೆ, ರಿಫಾರ್ಮ್. ನೀತಿ ಶಾಶ್ವತ, ಆಚಾರ ಕಾಲಬದ್ಧ ಎಂಬುದು ಅದರ ನಿಲುವು. ಸುಧಾರಣೆಗೆ ಎದುರು ನಿಂತವರಿಗೆ ಆರ್ಥೊಡಾಕ್ಸ್ ಎಂಬ ಹೆಸರು ಬಂದದ್ದೇ ಆಗ. ಅದಕ್ಕೂ ಮೊದಲು ಅಂಥ ಶಾಖೆಯೆಂಬುದು ಇರಲಿಲ್ಲ. ಫ್ರಾಂಕ್‌ಫರ್ಟಿನ ಸ್ಯಾಮ್ಸನ್ ರಾಫಾಯೆಲ್ ಹಿರ್ಷ್ ಶಾಸ್ತ್ರವನ್ನು ಒಂದಿನಿತೂ ಬಿಡದೆ ಆಧುನಿಕ ವಿದ್ಯೆಯನ್ನೂ ಕಲಿಯಬೇಕೆಂದರು. ಮಾಡರ್ನ್ ಆರ್ಥೊಡಾಕ್ಸ್ ಆ ದಾರಿಯದು. ಹೊರಲೋಕದಿಂದ ದೂರ ಉಳಿದವರು ಹರೇದಿಗಳು. ಹಸಿದಿಮರೂ ಮಿತ್‌ನಗ್ದಿಮರೂ ಇಂದು ಈ ಒಂದೇ ಚಾವಡಿಯಲ್ಲಿದ್ದಾರೆ.

ನಡುದಾರಿ ಕನ್ಸರ್ವೇಟಿವ್ ಶಾಖೆಯದು. ಶಾಸ್ತ್ರ ಕಟ್ಟುವಂಥದೇ, ಆದರೆ ಅದು ಚರಿತ್ರೆಯಲ್ಲಿ ಬೆಳೆದದ್ದು, ಇನ್ನೂ ಬೆಳೆಯಬಲ್ಲದು ಎಂಬುದು ಅದರ ಮತ. 1883ರಲ್ಲಿ ಸಿನ್ಸಿನಾಟಿಯ ರಿಫಾರ್ಮ್ ವಿದ್ಯಾಲಯದ ಮೊದಲ ರಬ್ಬಿಗಳ ಪದವಿ ಔತಣದಲ್ಲಿ ಶಾಸ್ತ್ರ ನಿಷೇಧಿಸಿದ ಏಡಿ, ಸಿಗಡಿಗಳನ್ನು ಬಡಿಸಿದ್ದು ಕೆಲವರನ್ನು ಎಬ್ಬಿಸಿ ಕಳಿಸಿತು. ಮೂರೇ ವರ್ಷದಲ್ಲಿ ನ್ಯೂಯಾರ್ಕಿನಲ್ಲಿ ಪ್ರತ್ಯೇಕ ವಿದ್ಯಾಪೀಠ ಹುಟ್ಟಿತು. 1902ರಲ್ಲಿ ಅದರ ಚುಕ್ಕಾಣಿ ಹಿಡಿದವರೇ ಗೆನಿಜಾದ ಸಾಲಮನ್ ಶೆಕ್ಟರ್. ಕೈರೋದ ಆ ಕೋಣೆಯಲ್ಲಿ ಹಳೆಯ ಪ್ರಾರ್ಥನೆ, ತೀರ್ಪು, ಕರಾರುಗಳ ಅಪಾರ ವೈವಿಧ್ಯವನ್ನು ಕೈಯಾರೆ ಕಂಡಿದ್ದವರು ಶಾಸ್ತ್ರಕ್ಕೆ ಚರಿತ್ರೆಯಿದೆ ಎಂದು ವಾದಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಶಾಖೆಯಿಂದಲೇ ಹೊರಟ ಮೊರ್ದೆಕಾಯ್ ಕಾಪ್ಲನ್, ಯಹೂದಿ ಧರ್ಮವನ್ನು ಬೆಳೆಯುತ್ತಿರುವ ನಾಗರಿಕತೆಯೆಂದು ವಿವರಿಸಿ ರೀಕನ್‌ಸ್ಟ್ರಕ್ಷನಿಸ್ಟ್ ಶಾಖೆಗೆ ಕಾರಣರಾದರು. ದೇವರ ಮಾತಿಲ್ಲದ ಮಾನವತಾವಾದಿ ಶಾಖೆಯೊಂದು 1963ರಲ್ಲಿ ಮಿಶಿಗನ್‌ನಲ್ಲಿ ಮೊದಲಾಯಿತು. ಹೆಣ್ಣು ರಬ್ಬಿಯಾಗುವ ವಿಷಯದಲ್ಲಿ ಶಾಖೆಗಳ ಅಂತರ ಸ್ಪಷ್ಟ: ಬರ್ಲಿನ್ನಿನ ರೆಗಿನಾ ಯೋನಾಸ್ 1935ರಲ್ಲಿ ಮೊದಲಿಗರಾದರು, ಅಮೆರಿಕದ ರಿಫಾರ್ಮ್ ಶಾಖೆ 1972ರಲ್ಲಿ, ಕನ್ಸರ್ವೇಟಿವ್ ಶಾಖೆ 1985ರಲ್ಲಿ ಹೆಣ್ಣಿಗೆ ರಬ್ಬಿ ಪದವಿ ಕೊಟ್ಟವು.

ಭಾರತದಲ್ಲಿ ಈ ಆಧುನಿಕ ವಿಂಗಡಣೆ ಒಮ್ಮೆ ಮಾತ್ರ ಗಟ್ಟಿಯಾಗಿ ಕಾಣಿಸಿಕೊಂಡಿತು, ಅದಕ್ಕೆ ಮುಂದಾಳಾದವರು ಮಲೆನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು. ಡಾ. ಜೆರೂಶಾ ಝಿರಾಡ್ ಶಿವಮೊಗ್ಗದಲ್ಲಿ ಜನಿಸಿದ ಬೆನೆ ಇಸ್ರಾಯೇಲ್ ವೈದ್ಯೆ. ಲಂಡನ್ನಿನಲ್ಲಿ ಪ್ರಸೂತಿ ಶಾಸ್ತ್ರದಲ್ಲಿ ಉನ್ನತ ಪದವಿ ಪಡೆಯುವಾಗ ಅಲ್ಲಿನ ಉದಾರವಾದಿ ಯಹೂದಿ ಚಳವಳಿಯ ಪರಿಚಯವಾಯಿತು. ಮರಳಿ ಬಂದು 1925ರಲ್ಲಿ ಮುಂಬಯಿಯಲ್ಲಿ ಜ್ಯೂಯಿಶ್ ರಿಲಿಜಿಯಸ್ ಯೂನಿಯನ್ ಕಟ್ಟಿದವರಲ್ಲಿ ಅವರು ಪ್ರಮುಖರು. ರೋದೆಫ್ ಶಾಲೋಮ್ ಸಿನಗಾಗ್ ಅದರದು. ಮುಂಬಯಿಯ ಕಾಮಾ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ದುಡಿದ ಅವರಿಗೆ 1966ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ಹುಟ್ಟಿ ಒಂದು ಧರ್ಮದ ಶಾಖೆಯನ್ನು ದೇಶಕ್ಕೆ ತಂದ ಮಹಿಳೆಯರು ಎಷ್ಟು ಮಂದಿ? ಶಿವಮೊಗ್ಗದವರು ಇವರನ್ನು ಇನ್ನೂ ಹೆಚ್ಚು ನೆನೆಯಬೇಕಾಗಿದೆ.

ಇಂದಿನ ಸ್ಥಿತಿ

ಅಮೆರಿಕದಲ್ಲಿ 2020ರ ಪ್ಯೂ ಸಮೀಕ್ಷೆಯಂತೆ ವಯಸ್ಕ ಯಹೂದಿಗಳಲ್ಲಿ ಶೇ. 37 ರಿಫಾರ್ಮ್, ಶೇ. 17 ಕನ್ಸರ್ವೇಟಿವ್, ಶೇ. 9 ಆರ್ಥೊಡಾಕ್ಸ್, ಶೇ. 32 ಮಂದಿ ಯಾವ ಶಾಖೆಗೂ ಸೇರದವರು. ಇಸ್ರೇಲಿನಲ್ಲಿ ಈ ಪಟ್ಟಿ ನಡೆಯುವುದಿಲ್ಲ. ಅಲ್ಲಿನವರು ತಮ್ಮನ್ನು ಹಿಲೋನಿ (ಲೌಕಿಕರು), ಮಸೋರ್ತಿ (ರೂಢಿ ಬಿಡದವರು), ದಾತಿ (ಧರ್ಮನಿಷ್ಠರು), ಹರೇದಿ ಎಂದು ನಾಲ್ಕಾಗಿ ಎಣಿಸಿಕೊಳ್ಳುತ್ತಾರೆ. ಮದುವೆ, ವಿಚ್ಛೇದನಗಳು ಆರ್ಥೊಡಾಕ್ಸ್ ರಬ್ಬಿ ಪೀಠದ ಕೈಯಲ್ಲಿವೆ. 1921ರಿಂದ ಆ ಪೀಠಕ್ಕೆ ಅಶ್ಕೆನಾಜಿ, ಸೆಫಾರ್ದಿ ಎಂದು ಇಬ್ಬರು ಮುಖ್ಯಸ್ಥರು. ಇಸ್ರೇಲಿನೊಳಗೆ ರಿಫಾರ್ಮ್, ಕನ್ಸರ್ವೇಟಿವ್ ರಬ್ಬಿಗಳಿಂದ ದೀಕ್ಷೆ ಪಡೆದವರಿಗೂ ಪೌರತ್ವದ ಹಕ್ಕಿದೆಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತರೂ ಆ ದೀಕ್ಷೆಯ ಮೇಲೆ ರಬ್ಬಿ ಪೀಠದಲ್ಲಿ ಮದುವೆ ನಡೆಯದು.

ಭಾರತದಲ್ಲಿ 1951ರಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. ಇಂದು ಉಳಿದಿರುವವರು ಐದು ಸಾವಿರದ ಆಸುಪಾಸು, ಹೆಚ್ಚಿನವರು ಬೆನೆ ಇಸ್ರಾಯೇಲರು, ಮುಂಬಯಿ ಮತ್ತು ಠಾಣೆಯವರು. ಮಹಾರಾಷ್ಟ್ರ 2016ರಲ್ಲಿ ಇವರಿಗೆ ಅಲ್ಪಸಂಖ್ಯಾತ ಸ್ಥಾನ ನೀಡಿತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಯಹೂದಿ ಸ್ಮಶಾನವೊಂದಿದೆ. ಬಾಗ್ದಾದಿ ಮೂಲದ ವರ್ತಕ ಕುಟುಂಬದವರನ್ನೂ ಬೆನೆ ಇಸ್ರಾಯೇಲರನ್ನೂ ಅಲ್ಲಿ ಒಂದೇ ಆವರಣದಲ್ಲಿ ಮಣ್ಣುಮಾಡಿದ್ದಾರೆ. 1836ರಲ್ಲಿ ಮುಂಬಯಿಯವರು ಬೇಡಿದ್ದ ಗೋಡೆ ಬೆಂಗಳೂರಿಗೆ ಬೇಕಾಗಲಿಲ್ಲ.

ಮಂಗಳೂರಿನಲ್ಲಿ ಬರೆದ, ಮಂಗಳೂರಿಗೆ ಬಂದ ಬೆನ್ ಯಿಜುವಿನ ಪತ್ರಗಳು ಹನ್ನೆರಡನೆಯ ಶತಮಾನದ ಕನ್ನಡ–ತುಳು ಕರಾವಳಿಯ ಚರಿತ್ರೆಗೂ ಆಕರ. ಹೊಯ್ಸಳರ ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಇವನ್ನೂ ಓದಬೇಕು. ಹೀಬ್ರೂ ಮತ್ತು ಅರಬ್ಬಿ ಬಲ್ಲವರನ್ನು ಕೂಡಿಸಿಕೊಂಡು, ಈ ಪತ್ರಗಳನ್ನು ಮೂಲದಿಂದಲೇ ಟಿಪ್ಪಣಿ ಸಮೇತ ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.